ವಹಾಬ್ ಹೊರಗಿನಿಂದ ಹಾಕಿದ ನಲ್ಲಿ

ಮಂಡ್ಯದ ಎಷ್ಟೋ ಅಡಿಗೆಮನೆಗಳಿಗೆ ನಲ್ಲಿ ಹಾಕಿದವನು ವಹಾಬ್. ಆ ಅಡಿಗೆಮನೆಗಳಲ್ಲಿ ಅವನು ಕಣ್ಣಾರೆ ಕಂಡದ್ದು ಒಂದೂ ಇರಲಿಲ್ಲ. ಎರಡನೆಯ ಮಹಾಯುದ್ಧದ ಆ ವರ್ಷಗಳಲ್ಲಿ ಅನುಕೂಲವಿದ್ದವರು ಬೀದಿಯ ನೀರನ್ನು ಮನೆಯೊಳಕ್ಕೆ ಎಳೆಸಿಕೊಳ್ಳುತ್ತಿದ್ದರು. ನೀರು ಒಳಗೆ ಬರಬಹುದಿತ್ತು. ಅದನ್ನು ತಂದ ಸಾಬಿ ಬರುವಂತಿರಲಿಲ್ಲ.

ವಹಾಬ್ ಇದಕ್ಕೆ ತಕ್ಕಂತೆ ಒಂದು ಕ್ರಮ ಮಾಡಿಕೊಂಡಿದ್ದ. ಅವನು ಹಿತ್ತಿಲಲ್ಲಿ ಗೋಡೆಗೆ ಕಿವಿಯಿಟ್ಟು ನಿಲ್ಲುತ್ತಿದ್ದ. ಒಳಗಿನಿಂದ ಮನೆಯಾಕೆ ತನಗೆ ನಲ್ಲಿ ಬೇಕಾದ ಕಡೆ ಮುದ್ದೆ ತಿರುವುವ ಕೋಲಿನಿಂದ ಕುಟ್ಟಬೇಕು. ಸದ್ದು ಬಂದ ಕಡೆ ಇವನು ಇದ್ದಿಲಿನ ಗುರುತು ಹಾಕುವನು. ಆಮೇಲೆ ಎತ್ತರದ ಲೆಕ್ಕ. ನಲ್ಲಿಯ ಕೆಳಗೆ ಬಿಂದಿಗೆ ಕೂರಬೇಕಷ್ಟೆ. ಆದರೆ ಮೊದಮೊದಲು ಒಂದು ಮನೆಯಲ್ಲಿ, ಇವನು ಬಗ್ಗಿ ನೋಡಿದ ಬಿಂದಿಗೆಯನ್ನು ಇವನೆದುರಿಗೇ ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ಅಂದಿನಿಂದ ವಹಾಬ್ ಯಾರ ಪಾತ್ರೆಯನ್ನೂ ತೋರಿಸಿ ಎಂದು ಕೇಳಲಿಲ್ಲ. ತನ್ನ ಹೆಂಡತಿ ಬಿಬಿ ಜಾನಳ ತಾಮ್ರದ ಕೊಡವನ್ನೇ ಚೀಲದಲ್ಲಿ ಹೊತ್ತು ತಂದು, ಅದರ ಎತ್ತರಕ್ಕೆ ನಾಲ್ಕು ಬೆರಳು ಸೇರಿಸಿ ತೂತು ಕೊರೆಯುತ್ತಿದ್ದ. ನಲ್ಲಿಯನ್ನು ಹೊರಗೇ ತಿರುಗಿಸಿ ಬಿಗಿದು, ಪೈಪಿನ ಸಮೇತ ಗೋಡೆಯೊಳಗೆ ತೂರಿಸಿಬಿಟ್ಟರೆ ಕೆಲಸ ಮುಗಿಯಿತು.

ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗಿಸುತ್ತಿದ್ದ ಹೊನ್ನಯ್ಯನ ಮನೆಗೂ ವಹಾಬನನ್ನೇ ಕರೆದರು. ಆ ಮನೆಗೆ ನಲ್ಲಿ ಷೋಕಿಯ ವಸ್ತುವಲ್ಲ. ಹೊನ್ನಯ್ಯನ ಹೆಂಡತಿ ಇಂದ್ರಮ್ಮ ಹಿಂದಿನ ವರ್ಷ ಬೀದಿಯ ನಲ್ಲಿಯಿಂದ ತುಂಬಿದ ಬಿಂದಿಗೆ ಹೊತ್ತು ಬರುವಾಗ ಪಾಚಿಯ ಮೇಲೆ ಜಾರಿ ಬಿದ್ದು, ಹೊಟ್ಟೆಯಲ್ಲಿದ್ದ ಮಗು ನಿಂತಿರಲಿಲ್ಲ. ಈಗ ಮತ್ತೆ ಬಸುರಿ. ಅತ್ತೆ ಚಿಕ್ಕಬೋರಮ್ಮ ಸೊಸೆಯ ಕೈಯಿಂದ ಬಿಂದಿಗೆ ಕಿತ್ತುಕೊಂಡು ತಾನೇ ನೀರು ಹೊರಲು ಹೋಗಿ ಸೊಂಟ ಹಿಡಿಸಿಕೊಂಡು ಮಲಗಿದ ಮೇಲೆ ನೀರು ಮತ್ತೆ ಸೊಸೆಯ ಪಾಲಿಗೇ ಬಂದಿತ್ತು. ನಲ್ಲಿ ಆದಷ್ಟು ಬೇಗ ಬೇಕೆಂದು ಅವಸರಪಟ್ಟವಳು ಚಿಕ್ಕಬೋರಮ್ಮ. ವಹಾಬನನ್ನು ಒಲೆಯಿರುವ ಕಡೆಗೆ ಬಿಡಕೂಡದೆಂದವಳೂ ಆಕೆಯೇ.

ಪೈಪು ಸಿಗುವ ಕಾಲವಲ್ಲ. ಮದ್ದೂರಿನಲ್ಲಿ ಮುಚ್ಚಿಹೋಗಿದ್ದ ಒಂದು ಗಿರಣಿಯ ಹಳೆಯ ಪೈಪನ್ನು ಹೊನ್ನಯ್ಯ ಹೇಗೋ ಹೊಂದಿಸಿ ತಂದ. ಅದು ಈ ಕೆಲಸಕ್ಕೆ ಸರಿಹೋಗುವಷ್ಟಿತ್ತು, ಹೆಚ್ಚಿಗೆ ಒಂದು ಗೇಣೂ ಇರಲಿಲ್ಲ. ಚಿಕ್ಕಬೋರಮ್ಮ ಸೊಂಟ ಹಿಡಿದುಕೊಂಡೇ ಎದ್ದು ಗೋಡೆ ಕುಟ್ಟಿದಳು. ವಹಾಬ್ ಗುರುತು ಹಾಕಿ, ಕೊಡ ಇಟ್ಟು ಅಳೆದು, ತೂತು ಕೊರೆದು, ಪೈಪು ಕತ್ತರಿಸಿ ಕೂರಿಸಿದ. ನೀರು ಬಂತು. ಇಂದ್ರಮ್ಮ ತವರಾದ ಮಳವಳ್ಳಿಯಿಂದ ತಂದಿದ್ದ ಹಿತ್ತಾಳೆ ಬಿಂದಿಗೆಯನ್ನು ನಲ್ಲಿಯ ಕೆಳಗೆ ಸರಿಸಲು ಹೋದಳು. ಬಿಂದಿಗೆಯ ಕಂಠ ನಲ್ಲಿಗೆ ತಗುಲಿ ನಿಂತಿತು. ಮಳವಳ್ಳಿಯವರು ಮಗಳಿಗೆ ಎತ್ತರದ ಬಿಂದಿಗೆಯನ್ನೇ ಕೊಟ್ಟಿದ್ದರು.

ಗೋಡೆಯಾಚೆಯಿಂದಲೇ ವಿಷಯ ತಿಳಿದ ವಹಾಬ್, ತಾನು ಅಳೆದದ್ದು ತನ್ನ ಮನೆಯ ಕೊಡವನ್ನು ಎಂದು ಒಪ್ಪಿಕೊಂಡ.

“ನಮ್ಮ ಬಿಂದ್ಗೆ ಕೇಳಿದ್ರೆ ತಂದು ತೋರಿಸ್ತಿರ್ಲಿಲ್ವ?” ಎಂದಳು ಚಿಕ್ಕಬೋರಮ್ಮ. “ಮನೆಯೊಳೀಕೆ ಬರ್ಬ್ಯಾಡ ಅಂದೆ. ಬಾಯಿ ಬುಡ್ಬ್ಯಾಡ ಅಂದ್ನಾ?”

ಆ ಕಟ್ಟಳೆಯನ್ನು ಅದನ್ನು ಮಾಡಿದವರಿಗಿಂತ ಒಂದು ಕೈ ಹೆಚ್ಚಾಗಿಯೇ ಪಾಲಿಸಿದ್ದು ತನ್ನ ತಪ್ಪೆಂದು ವಹಾಬನಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ನಲ್ಲಿಯನ್ನು ಮೇಲೆತ್ತಲು ಪೈಪಿಲ್ಲ. ಹಾಗಾದರೆ ನೆಲವನ್ನು ತಗ್ಗಿಸಬೇಕು, ನೀರು ಹೊರಗೆ ಹರಿಯುವ ಓಟವನ್ನೂ ಸರಿಮಾಡಬೇಕು. ಆ ಕೆಲಸ ಒಳಗಿನದು. ಆದ್ದರಿಂದ ಹೊನ್ನಯ್ಯ ತಾನೇ ಗುದ್ದಲಿ ಹಿಡಿದ. ಗುಂಡಿ ಚೆನ್ನಾಗಿಯೇ ಆಯಿತು, ಬಿಂದಿಗೆಯೂ ಕೂತಿತು. ಓಟ ಮಾತ್ರ ಹಿತ್ತಿಲ ಕಡೆಗಿರಬೇಕಾದದ್ದು ಒಂದು ಕೂದಲೆಳೆಯಷ್ಟು ಒಲೆಯ ಕಡೆಗಾಯಿತು. ಮಾರನೆಯ ದಿನ ಬಿಂದಿಗೆ ತುಂಬಿ ಚೆಲ್ಲಿದ ನೀರೆಲ್ಲ ನೇರವಾಗಿ ಒಲೆಯ ಬುಡಕ್ಕೆ ಹೋಯಿತು. ಮಣ್ಣಿನ ಒಲೆ ನೆನೆದು, ಸಾರಿನ ಮಡಕೆಯ ಸಮೇತ ಮೆಲ್ಲಗೆ ಒಂದು ಕಡೆಗೆ ಕುಸಿದು ಕುಳಿತಿತು.

ಹೊನ್ನಯ್ಯ ನಲ್ಲಿಗೆ ಗೋಣಿ ಸುತ್ತಿ ಮುಚ್ಚಿದ. ಮರುದಿನ ಬೆಳಿಗ್ಗೆ ಇಂದ್ರಮ್ಮ ಮತ್ತೆ ಬಿಂದಿಗೆ ಹಿಡಿದು ಬೀದಿಗೆ ಹೊರಟಳು. ಬಾಗಿಲಲ್ಲಿ ಕೂತಿದ್ದ ಅತ್ತೆ ಅವಳ ಹೊಟ್ಟೆಯನ್ನು ನೋಡಿದಳು, ಕುಸಿದ ಒಲೆಯನ್ನು ನೋಡಿದಳು. ಬಿಂದಿಗೆ ಇಳಿಸು ಎಂದು ಹೇಳಿ, ವಹಾಬನಿಗೆ ಹೇಳಿ ಕಳಿಸಿದಳು. ಅವನು ಬಂದು ರೂಢಿಯಂತೆ ಹಿತ್ತಿಲಿಗೆ ಸುತ್ತಿಕೊಂಡು ಹೋದ.

“ಅಲ್ಲೇನ್ ಮಾಡ್ತೀಯ, ಈ ಕಡೀಕೆ ಬಾರಪ್ಪ,” ಎಂದಳು ಚಿಕ್ಕಬೋರಮ್ಮ. “ಒಲೆ ಕರಗೋಯ್ತು. ಒಲೆ ಇಲ್ದಿದ್ ಮ್ಯಾಲೆ ಅಡ್ಗೆಮನೆ ಎಲ್ಲಿ ಬಂತು? ಬರೀ ಕ್ವಾಣೆ. ಬಾ ಒಳೀಕೆ.”

ಹೀಗೆ ವಹಾಬ್ ತಾನು ನಲ್ಲಿ ಹಾಕಿದ ಕೋಣೆಯೊಂದನ್ನು ಮೊದಲ ಸಲ ಕಂಡ. ಗುಂಡಿಗೆ ಕಲ್ಲು ಹಾಸಿ, ಮಟ್ಟ ನೋಡಿ, ಓಟವನ್ನು ಹಿತ್ತಿಲಿಗೆ ತಿರುಗಿಸಿದ. ಕೆಲಸ ಮುಗಿಯುವವರೆಗೆ ಮನೆಯವರು ಅಂಗಳದಲ್ಲಿ ಮೂರು ಕಲ್ಲು ಹೂಡಿ ಬೇಯಿಸಿಕೊಂಡರು. ಬೀದಿಯ ಪಾಚಿಗೆ ಇಂದ್ರಮ್ಮ ಮತ್ತೆ ಕಾಲಿಡಲಿಲ್ಲ. ತಿಂಗಳು ತುಂಬಿ ಹೆಣ್ಣುಮಗು ಹುಟ್ಟಿತು.

ನಲ್ಲಿಯೊಳಗಿನ ಚರ್ಮದ ಬಿಲ್ಲೆ ಬೇಗ ಸವೆಯುವಂಥದು. ಅದು ಸವೆದು ನೀರು ತೊಟ್ಟಿಕ್ಕಿದಾಗ ಕೋಣೆಯಲ್ಲಿ ಹೊಸ ಒಲೆಯಿತ್ತು. ಅಂದರೆ ಅದು ಮತ್ತೆ ಅಡಿಗೆಮನೆ. ಚಿಕ್ಕಬೋರಮ್ಮ ಬೆಂಕಿ ಆರಿಸಿ, ಉರಿಯದ ಒಲೆ ಒಲೆಯಲ್ಲ ಎಂದು ತೀರ್ಮಾನಿಸಿದಳು. ಅದರ ಮುಂದಿನ ಸಲ ಕೆಂಡಕ್ಕೆ ಬೂದಿ ಮುಚ್ಚಿದ್ದು ಸಾಕಾಯಿತು. ಅದಾದ ಮೇಲಿನ ಸಲ ಆಕೆ ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ವಹಾಬ್ ಗುಂಡಿಯ ಪಕ್ಕದಲ್ಲಿ ಮಂಡಿಯೂರಿ ನಲ್ಲಿ ಬಿಚ್ಚುತ್ತಿದ್ದ. ಒಲೆ ದಗದಗ ಉರಿಯುತ್ತಿತ್ತು.

“ಲೇ ವಾಬ, ಎಸರು ಉಕ್ತಾ ಅದೆ. ಮ್ಯಾಲೆ ಮುಚ್ಚಿರೋ ಆ ತಟ್ಟೆ ತೆಗಿಯೋ.”

ವಹಾಬ್ ಆಕೆಯನ್ನು ನೋಡಿದ, ಮಡಕೆಯನ್ನು ನೋಡಿದ. ಕೈಯನ್ನು ಪಂಚೆಗೆ ಒರೆಸಿಕೊಂಡು ಹಾಗೆಯೇ ನಿಂತ.

“ಕೈ ಸುಟ್ಟೋಯ್ತದೆ ಅಂತ ನಿಂತ್ಯಾ?” ಎಂದಳು ಚಿಕ್ಕಬೋರಮ್ಮ, ಮಗುವಿನ ಮೇಲಿನ ಕಣ್ಣು ಎತ್ತದೆ. “ಅಲ್ಲೇ ಮಸಿಬಟ್ಟೆ ಅದೆ, ಇಡ್ಕೊ.”