ಮಲ್ಲಿಗೆಗೆ ಒಂದು ಡೀಸೆಲ್ ಕಾರು

ದೊಡ್ಡವ್ವನ ಮೂಗು ದೊಡ್ಡದು. ಎರಡೂ ಹೊಳ್ಳೆಗೆ ಕೆಂಪು ಹರಳಿನ ಮೂಗುಬಟ್ಟು. ಯಾರೇ ಮನೆಗೆ ಬರಲಿ, "ಬರ್ರಿ, ಕುಂದರ್ರಿ" ಅನ್ನುವ ಮೊದಲು ಆ ಮೂಗು ಒಮ್ಮೆ ಸಣ್ಣಗೆ ಅಲುಗುತ್ತಿತ್ತು. ಬಂದವರ ಕೈ ಉಳ್ಳಾಗಡ್ಡಿ ಹೆಚ್ಚಿದ್ದೋ, ಕಂದೀಲಿಗೆ ಸೀಮೆಎಣ್ಣೆ ತುಂಬಿದ್ದೋ ಅಷ್ಟರಲ್ಲೇ ಗೊತ್ತಾಗಿಬಿಡುತ್ತಿತ್ತು. ಗೊತ್ತಾಯಿತೋ, ಅವರು ಹೂವಿನ ಕೋಣೆಯ ಹೊಸ್ತಿಲು ದಾಟುವಂತಿರಲಿಲ್ಲ. "ಬಚ್ಚಲಕ್ಕ ಹೋಗಿ ಹುಣಸಿಹಣ್ಣು ಹಚ್ಚಿ ಕೈ ತಿಕ್ಕೊಂಡು ಬರ್ರಿ" ಎಂದು ಅಪ್ಪಣೆ. ಒಮ್ಮೆ ದೊಡ್ಡ ಅಧಿಕಾರಿಯೊಬ್ಬರ ಹೆಂಡತಿಗೂ ಹಾಗೇ ಹೇಳಿದ್ದಳು. ಆ ಹೆಣ್ಣುಮಗಳು ಪಾಪ, ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಚ್ಚಲಿಗೆ ನಡೆದರು.

ದೊಡ್ಡವ್ವ ನಮಗೆ ರಕ್ತಸಂಬಂಧಿಯಲ್ಲ. ಹಡಗಲಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗೋಡೆ, ಅಷ್ಟೇ. ಆದರೆ ನನ್ನ ಬದುಕಿನಲ್ಲಿ ಆಕೆ ಮಾಡಿದ್ದನ್ನು ನನ್ನ ಬಳಗದವರು ಯಾರೂ ಮಾಡಲಿಲ್ಲ. ಊರ ಸುತ್ತಲಿನ ತೋಟಗಳ ಮಲ್ಲಿಗೆಯನ್ನು ಕೊಂಡು, ಬೀದಿಯ ಹೆಂಗಸರಿಂದ ಬಾಳೆನಾರಿನಲ್ಲಿ ಕಟ್ಟಿಸಿ, ಉಳಿದದ್ದನ್ನು ಬಿಡಿ ಮೊಗ್ಗಾಗಿಯೇ ದಾವಣಗೆರೆಯ ಹೂವಿನ ಮಂಡಿಗೆ ಕಳಿಸುವುದು ಆಕೆಯ ಕಸುಬು. ಮನೆಯಲ್ಲಿ ಮಕ್ಕಳಿರಲಿಲ್ಲ. ದೊಡ್ಡಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಡೀಸೆಲ್ ಎಂಜಿನ್ನಿನ ಗಿರಣಿ. ಅದರ ಪುಕ್‌ಪುಕ್ ಸದ್ದಿಗೆ ನಮ್ಮ ಓಣಿಯ ಕೂಸುಗಳು ಮಲಗುತ್ತಿದ್ದವು. ಗಿರಣಿಯಿಂದ ಬಂದವರು ಮೈ ತೊಳೆದು ಬೇರೆ ಧೋತರ ಉಟ್ಟ ಮೇಲೆಯೇ ಮನೆಯೊಳಕ್ಕೆ. ಅವರ ಬೀಡಿ ಸೇದಾಟವೆಲ್ಲ ಗಿರಣಿಯ ಕಟ್ಟೆಯ ಮೇಲೆ.

ಮಲ್ಲಿಗೆ ವ್ಯಾಪಾರ ಅಂದರೆ ಹೊತ್ತಿನ ಜೊತೆ ಜಗಳ. ನಸುಕಿನಲ್ಲಿ ಬಿಡಿಸಿದ ಮೊಗ್ಗು ಬಿಸಿಲೇರುವ ಮುಂಚೆ ಪೇಟೆ ಸೇರಬೇಕು. ದಾರಿಯಲ್ಲೇ ಅರಳಿದರೆ ಮುಗಿಯಿತು, ಅರಳಿದ ಮಲ್ಲಿಗೆಯನ್ನು ಮಂಡಿಯಲ್ಲಿ ಯಾರೂ ಮೂಸುವುದಿಲ್ಲ. ವರ್ಷಾನುಗಟ್ಟಲೆ ದೊಡ್ಡವ್ವನ ಬುಟ್ಟಿಗಳು ಬೆಳಗಿನ ಖಾಸಗಿ ಬಸ್ಸಿನಲ್ಲಿ, ಹಿಂದಿನ ಸೀಟಿನ ಮೇಲೆ, ಒದ್ದೆ ಬಟ್ಟೆ ಹೊದ್ದು ನೆರಳಲ್ಲಿ ಹೋಗುತ್ತಿದ್ದವು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಬಸ್ಸಿಗೆ ಜನ ಹೆಚ್ಚಾದರು. ಬಸ್ಸಿನ ಏಜೆಂಟ, "ಅವ್ವಾ, ಇನ್ನ ಮ್ಯಾಲ ಹೂವು ಟಾಪಿನ ಮ್ಯಾಲ. ಮಂದಿಗೇ ಜಾಗ ಇಲ್ಲ" ಎಂದು ಕೈಮುಗಿದ. ಆ ಬೇಸಿಗೆ ಬಸ್ಸಿನ ತಲೆಯ ಮೇಲೆ ಹೋದ ಮೊಗ್ಗು ಹರಪನಹಳ್ಳಿ ದಾಟುವಷ್ಟರಲ್ಲಿ ಕಣ್ಣು ಬಿಟ್ಟಿರುತ್ತಿತ್ತು. ಜೀಪಿನಲ್ಲಿ ಕಳಿಸಿ ನೋಡಿದಳು. ಜೀಪಿನ ಕುಲುಕಾಟಕ್ಕೆ ಮೊಗ್ಗು ಜಜ್ಜಿ ಕಂದಿತು. ಬಾಡಿಗೆ ಟ್ಯಾಕ್ಸಿಗೆ ಪೆಟ್ರೋಲು ತುಟ್ಟಿ. ಎರಡು ತೋಟದವರು ಆಗಲೇ ಮಲ್ಲಿಗೆ ಬಳ್ಳಿ ಕಿತ್ತು ಶೇಂಗಾ ಹಾಕಿದ್ದರು. ಇನ್ನೊಂದು ಬೇಸಿಗೆ ಹೀಗೇ ಹೋದರೆ ಉಳಿದವರೂ ಕೀಳುವವರೇ. ಆಮೇಲೆ ಹೂವು ಕಟ್ಟುವ ಹೆಂಗಸರು ಏನು ಮಾಡಬೇಕು? ದೊಡ್ಡವ್ವನ ನಿದ್ದೆಗೆಡಿಸಿದ್ದು ಈ ಪ್ರಶ್ನೆ.

ಆ ಸಮಯಕ್ಕೆ ಕೊಟ್ಟೂರಿನಿಂದ ಕಾರಿನ ಸುದ್ದಿ ಬಂತು. ಗಣಿಯಲ್ಲಿ ಯಂತ್ರ ಕೂಡಿಸಲು ಬಂದಿದ್ದ ಫ್ರಾನ್ಸ್ ದೇಶದ ಎಂಜಿನಿಯರೊಬ್ಬ ತನ್ನ ಕಾರನ್ನು ಮಾರಿ ಹೋಗಿದ್ದ. ಅದು ಕೈಯಿಂದ ಕೈಗೆ ದಾಟಿ ಕೊಟ್ಟೂರಿನ ಹತ್ತಿ ಸಾಹುಕಾರರೊಬ್ಬರ ಗೋದಾಮು ಸೇರಿತ್ತು. ಅವರೂ ಈಗ ಅದನ್ನು ಮಾರುವವರಿದ್ದರು. ಉದ್ದನೆಯ ತಿಳಿನೀಲಿ ಕಾರು. ಡೀಸೆಲ್ ಕುಡಿಯುವ ಕಾರು ಅಂದರೆ ಆಗ ನಮ್ಮ ಕಡೆ ಯಾರೂ ನಂಬುತ್ತಿರಲಿಲ್ಲ. ಡೀಸೆಲ್ ಏನಿದ್ದರೂ ಲಾರಿಗೆ, ಟ್ರ್ಯಾಕ್ಟರಿಗೆ, ಗಿರಣಿಗೆ. ಮೇಲಾಗಿ ಸ್ಟೇರಿಂಗು ಎಡಗಡೆ. ಹಿಂದೆ ಮೂರು ಜನ ಕಾಲು ಚಾಚಿ ಕೂರುವಷ್ಟು ಜಾಗ, ಡಿಕ್ಕಿಯಂತೂ ಸಣ್ಣ ಕೋಣೆ. ದೊಡ್ಡವ್ವ ಒಂದು ಬೆಳಿಗ್ಗೆ ಹೋಗಿ ನೋಡಿ ಬಂದಳು. ಬಂದವಳು ಹೇಳಿದ್ದಿಷ್ಟೇ: "ತೊಟ್ಟಿಲ ಇದ್ದಂಗೈತಿ."

ದೊಡ್ಡಪ್ಪನಿಗೆ ಸುತರಾಂ ಮನಸ್ಸಿರಲಿಲ್ಲ. "ಹೆಂಡತಿ ಮಕ್ಕಳನ ಕರ್ಕೊಂಡು ಹವಾ ತಿನ್ನಾಕ ಹೋಗೋ ಮಂದಿ ಮಾಡಿರೋ ಕಾರು ಅದು. ಅದ್ರಾಗ ನೀ ಹೂವಿನ ಬುಟ್ಟಿ ಕುಂದ್ರಿಸ್ತಿ?"

"ನನ್ನ ಮಕ್ಕಳು ಬುಟ್ಟಿಯಾಗ ಅದಾವ. ಅವೂ ಒಂದೀಟು ಹವಾ ತಿನ್ನಲಿ" ಅಂದಳು ದೊಡ್ಡವ್ವ.

"ಕೆಟ್ಟು ನಿಂತ್ರ ಸಾಮಾನು ಎಲ್ಲಿ ತರ್ತಿ? ಫ್ರಾನ್ಸಿಗೆ ಹೋಗ್ತಿಯೇನು?"

"ಗಿರಣಿ ಎಂಜಿನ್ ಎಷ್ಟು ಸಲ ಬಿಚ್ಚಿ ಕೂಡಿಸೀರಿ? ಅದರ ಸಾಮಾನು ಎಲ್ಲಾ ಪ್ಯಾಟಿಯಾಗ ಸಿಕ್ಕಿತ್ತೇನು?"

ದೊಡ್ಡಪ್ಪನ ಕೊನೆಯ ಅಸ್ತ್ರವೇ ದೊಡ್ಡದು: "ಡೀಸೆಲ್ ವಾಸನಿ ಮಲ್ಲಿಗಿಗೆ ಹತ್ತಿದ್ರ?" ಮಲ್ಲಿಗೆಯಷ್ಟು ಬೇಗ ಪರರ ವಾಸನೆ ಹಿಡಿಯುವ ಹೂವು ಇನ್ನೊಂದಿಲ್ಲ. ಹೊಗೆ ಹತ್ತಿದ ಮಲ್ಲಿಗೆಯನ್ನು ಮುಡಿಗೂ ಮುಡಿಯುವುದಿಲ್ಲ, ದೇವರಿಗೂ ಏರಿಸುವುದಿಲ್ಲ.

ಕೊನೆಗೆ ಪರೀಕ್ಷೆ ಮಾಡುವುದೆಂದಾಯಿತು. ಸಾಹುಕಾರರು ಒಂದು ದಿನದ ಮಟ್ಟಿಗೆ ಕಾರು, ಡ್ರೈವರು ಎರಡನ್ನೂ ಕಳಿಸಿದರು. ಒಂದೇ ತೋಟದ ಮೊಗ್ಗನ್ನು ಎರಡು ಪಾಲು ಮಾಡಿ, ಒಂದು ಪಾಲು ಬಸ್ಸಿನ ಮೇಲೆ, ಇನ್ನೊಂದು ಪಾಲು ಕಾರಿನ ಹಿಂದಿನ ಸೀಟಿನಲ್ಲೂ ಡಿಕ್ಕಿಯಲ್ಲೂ. ಬಸ್ಸಿನ ಜೊತೆ ದೊಡ್ಡವ್ವ ಮತ್ತು ನಾನು. ಕಾರಿನ ಜೊತೆ ದೊಡ್ಡಪ್ಪ. ಕೊಟ್ಟೂರಿನಲ್ಲಿ ಪಿಯುಸಿ ಮುಗಿಸಿ ಮನೆಯಲ್ಲಿ ಕುಳಿತಿದ್ದ ನನಗೆ ಆ ದಿನಗಳಲ್ಲಿ ದೊಡ್ಡವ್ವನ ಬಾಲ ಹಿಡಿದು ಓಡಾಡುವುದೇ ಕೆಲಸ.

ನಾವು ಮುಟ್ಟುವ ಹೊತ್ತಿಗೆ ಕಾರು ಬಂದು ಮಂಡಿಯ ಮುಂದೆ ನಿಂತಿತ್ತು. ಬಸ್ಸಿನ ಬುಟ್ಟಿಯ ಬಟ್ಟೆ ತೆಗೆದರೆ ಅರ್ಧಕ್ಕರ್ಧ ಅರಳಿ ಕುಳಿತಿತ್ತು. ಕಾರಿನ ಹಿಂದಿನ ಸೀಟಿನಿಂದ ಇಳಿಸಿದ ಬುಟ್ಟಿಯಲ್ಲಿ ಒಂದು ಮೊಗ್ಗೂ ಬಾಯಿ ಬಿಟ್ಟಿರಲಿಲ್ಲ. ಬಳ್ಳಿಯಿಂದ ಈಗಷ್ಟೇ ಬಿಡಿಸಿದಂತೆ ಬಿರುಸಾಗಿತ್ತು. ನಾನು ಖುಷಿಯಿಂದ ದೊಡ್ಡವ್ವನ ಕೈ ಹಿಡಿದುಕೊಂಡೆ. ಮಂಡಿಯವರು ಒಂದು ಬೊಗಸೆ ಎತ್ತಿ ಮೂಗಿಗೆ ಹಿಡಿದು ಹಾಗೇ ಬುಟ್ಟಿಗೆ ಸುರಿದರು.

"ಮೊಗ್ಗೇನೋ ಗಟ್ಟಿ ಐತಮ್ಮ. ಆದ್ರೆ ಹೊಗೆ ವಾಸ್ನೆ ಹೊಡೀತೈತೆ. ಮದುವೆ ಮನೆಗೆ ಇದನ್ನ ಹೆಂಗೆ ಕೊಡ್ಲಿ?"

"ನಾ ಬಡ್ಕೊಂಡೆ! ಡೀಸೆಲ್ಲು!" ಎಂದು ದೊಡ್ಡಪ್ಪ ಕೈ ಎತ್ತಿಬಿಟ್ಟರು.

ದೊಡ್ಡವ್ವ ಬುಟ್ಟಿಯ ಮೇಲೆ ಬಾಗಿದಳು. ಬಹಳ ಹೊತ್ತು ಬಾಗಿದ್ದಳು. ಆಮೇಲೆ ಡ್ರೈವರನನ್ನು ಕೇಳಿದಳು: "ಹೊಗಿ ಹೋಗೋ ಕೊಳವಿ ಎಲ್ಲೈತಪ್ಪಾ?"

"ಹಿಂದ ಐತ್ರಿ ಅಮ್ಮಾ, ಡಿಕ್ಕಿ ಬುಡಕ."

"ಹಂಗಾದ್ರ ಡಿಕ್ಕಿಯಾಗಿನ ಬುಟ್ಟಿ ತಗಿ."

ಡಿಕ್ಕಿಯ ಬುಟ್ಟಿ ಮೂಸಿದಳು, ಮಂಡಿಯವರಿಗೂ ಮೂಸಿಸಿದಳು. ಅದರಲ್ಲಿ ಮಲ್ಲಿಗೆಯ ವಾಸನೆಯ ಹೊರತು ಬೇರೇನಿರಲಿಲ್ಲ. ಡೀಸೆಲ್ ಹೊಗೆಯೇ ಆಗಿದ್ದರೆ ಮೊದಲು ಕೆಡಬೇಕಾದದ್ದು ಆ ಬುಟ್ಟಿ. ದೊಡ್ಡವ್ವ ನೆಟ್ಟಗೆ ದೊಡ್ಡಪ್ಪನ ಎದುರು ಬಂದು ನಿಂತಳು.

"ಕೈ ತೋರಸ್ರಿ."

ತುಂಬಿದ ಮಾರುಕಟ್ಟೆಯಲ್ಲಿ ಹೆಂಡತಿ ಗಂಡನ ಬೆರಳು ಹಿಡಿದು ಮೂಸಿದಳು. ಮಂಡಿಯ ಹಮಾಲರು ಕೆಲಸ ಬಿಟ್ಟು ನೋಡುತ್ತಿದ್ದರು. ದೊಡ್ಡಪ್ಪನ ಮುಖ ಬದನೆಕಾಯಿಯಂತಾಯಿತು.

"ಸೀಟು ಭಾಳ ಮೆತ್ತಗಿತ್ತು" ಅಂದರು, ಸಣ್ಣ ದನಿಯಲ್ಲಿ. "ಗಿರಣಿ ಕಟ್ಟಿ ಮ್ಯಾಲ ಕುಂತಂಗಾತು. ಈ ಡ್ರೈವರ ಒಂದು ಬೀಡಿ ಕೊಟ್ಟ, ನಾ ಒಂದು ಕೊಟ್ಟೆ. ಹೂವು ಹಿಂದ ಐತಿ ಅನ್ನೋದ ಮರ್ತೆ."

ಅವರು ಬೇಕೆಂದು ಮಾಡಿದ್ದಲ್ಲ, ಅದು ನನಗೂ ಗೊತ್ತು, ದೊಡ್ಡವ್ವನಿಗೂ ಗೊತ್ತು. ಬೈಯುತ್ತಾಳೆ ಅಂದುಕೊಂಡರೆ ಅವಳು ನಕ್ಕುಬಿಟ್ಟಳು. ಇಡೀ ಮಂಡಿ ನಕ್ಕಿತು. "ಕಾರು ತಗೊಳ್ಳೋದು ಖರೆ" ಎಂದಳು, ಅಲ್ಲೇ, ಹೂವಿನ ಬುಟ್ಟಿಗಳ ನಡುವೆ ನಿಂತು.

ಆದರೆ ಓಡಿಸುವವರು ಯಾರು? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಎಲ್ಲ ಕಡೆ ಹೇಳಿ ಕಳಿಸಿದರು. ಬಂದ ಡ್ರೈವರುಗಳೆಲ್ಲ ಬಾಗಿಲಲ್ಲೇ ಮೂಗಿನ ಪರೀಕ್ಷೆಯಲ್ಲಿ ನಪಾಸು. ಒಬ್ಬನಂತೂ ಪ್ರಾಮಾಣಿಕವಾಗಿ, "ಬೀಡಿ ಬಿಟ್ರ ನಿದ್ದಿ ಬರ್ತೈತ್ರಿ, ಗಾಡಿ ಹಳ್ಳಕ್ಕ ಹೋಗ್ತೈತಿ. ನಿಮ್ಮ ಹೂವು ಉಳೀಬೇಕೋ, ನಾನೋ?" ಎಂದು ಕೇಳಿ ಚಹಾ ಕುಡಿದು ಹೋದ. ಸಾಹುಕಾರರು ಬೇರೆ ಗಿರಾಕಿ ಬಂದಿದ್ದಾರೆ ಎಂದು ಹೇಳಿ ಕಳಿಸಿದರು. ಆ ದಿನ ನಮ್ಮ ಪಡಸಾಲೆಯಲ್ಲಿ ಕುಳಿತ ದೊಡ್ಡವ್ವ ಅಕ್ಕಿ ಆರಿಸುತ್ತಿದ್ದ ನನ್ನನ್ನು ಸುಮ್ಮನೆ ನೋಡುತ್ತಲೇ ಇದ್ದಳು. ಆಮೇಲೆ ನನ್ನವ್ವನಿಗೆ ಹೇಳಿದಳು: "ಇಕೀನ ಕಲಿಲಿ."

ಅವ್ವನ ಕೈಯ ಮೊರ ಕೆಳಗೆ ಬಿತ್ತು. "ಏನ್ ಮಾತಾಡ್ತಿ ಯಕ್ಕಾ! ಹೆಣ್ಣುಹುಡುಗಿ ಕಾರು ಹೊಡೆದ್ರ ನಾಳಿ ಯಾವ ವರ ಬರ್ತಾನ?"

"ಬರೋನು ಹಿಂದಿನ ಸೀಟಿನಾಗ ಕುಂತು ಬರ್ತಾನ."

ನಾನು ಹೆದರಿ, "ದೊಡ್ಡವ್ವಾ, ನನಗ ಸೈಕಲ್ಲೂ ಬರಂಗಿಲ್ಲ" ಅಂದೆ. ಅವಳು ಹೇಳಿದ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ: "ಬರಂಗಿಲ್ಲ ಅನ್ನೋದು ನನಗೂ ಗೊತ್ತೈತಿ. ಕಲಿತಿಯೋ ಇಲ್ಲೋ, ಅದಷ್ಟ ಹೇಳು."

ಕಲಿಯುತ್ತೇನೆ ಅಂದೆ. ಯಾಕೆ ಅಂದೆನೋ! ಬಹುಶಃ ಆವರೆಗೆ ಯಾರೂ ನನ್ನನ್ನು ಏನನ್ನೂ ಹಾಗೆ ನೇರವಾಗಿ ಕೇಳಿರಲಿಲ್ಲ.

ಕಾರು ಬಂತು. ಬತ್ತಿದ ಕೆರೆಯಂಗಳದಲ್ಲಿ ಸಾಹುಕಾರರ ಡ್ರೈವರೇ ನನಗೆ ಕಲಿಸಿದ. ಪಾಠ ಮುಗಿಯುವವರೆಗೆ ಬೀಡಿ ಮುಟ್ಟುವಂತಿಲ್ಲ ಎಂಬ ಕರಾರು. ಹೀಗಾಗಿ ಅವನಿಗೆ ನನಗಿಂತ ಹೆಚ್ಚು ಅವಸರ. ಆ ಎಂಜಿನ್ನಿಗೆ ಒಂದು ಗತ್ತಿತ್ತು. ಕೀಲಿ ತಿರುಗಿಸಿದ ಕೂಡಲೇ ಹೊತ್ತಿಕೊಳ್ಳುತ್ತಿರಲಿಲ್ಲ. ಒಳಗಿನ ಸುರುಳಿ ಕಾಯುವ ತನಕ ತಡೆಯಬೇಕು. ಅಷ್ಟರಲ್ಲಿ ದೊಡ್ಡವ್ವ ಉಜ್ಜಿನಿ ಮರುಳಸಿದ್ಧನಿಗೆ ಕೈಮುಗಿದು ಮುಗಿಸುತ್ತಿದ್ದಳು. ಲೈಸೆನ್ಸು ಕೈಗೆ ಬಂದ ಮೇಲೆ ನಾನು ಡೀಸೆಲ್ ಮುಟ್ಟುವಂತಿರಲಿಲ್ಲ, ಅದನ್ನು ತುಂಬುವುದು ದೊಡ್ಡಪ್ಪನ ಕೆಲಸ. ಅವರು ಆ ಕಾರಿನ ಹೊಟ್ಟೆಯನ್ನು ಗಿರಣಿಗಿಂತ ಚೆನ್ನಾಗಿ ತಿಳಿದುಕೊಂಡರು. ಕೊಳವೆ ಒಡೆದರೆ ಲಾರಿಯದನ್ನು ಕತ್ತರಿಸಿ ಕೂಡಿಸುತ್ತಿದ್ದರು, ಬೋಲ್ಟು ಹೋದರೆ ಕಮ್ಮಾರನ ಕಡೆ ಕುಳಿತು ಮಾಡಿಸುತ್ತಿದ್ದರು. ಆದರೆ ಹೂವಿರುವಾಗ ಅವರಿಗೆ ಕಾರಿನೊಳಗೆ ಜಾಗವಿರಲಿಲ್ಲ.

ನಾನು ಎಡಗಡೆ ಕೂತು ಓಡಿಸಬೇಕು. ಮುಂದೆ ಹತ್ತಿಯ ಲಾರಿ ಹೋಗುತ್ತಿದ್ದರೆ ಎದುರಿನಿಂದ ಏನು ಬರುತ್ತಿದೆ ಎಂಬುದು ನನಗೆ ಕಾಣುತ್ತಿರಲಿಲ್ಲ. ಬಲಗಡೆ ಕುಳಿತ ದೊಡ್ಡವ್ವ ಕಿಟಕಿಯಿಂದ ಕತ್ತು ಹಾಕಿ ನೋಡಿ "ಹೊಡಿ" ಅನ್ನಬೇಕು, ಇಲ್ಲವೇ "ತಡಿ" ಅನ್ನಬೇಕು. ಅವಳು "ಹೊಡಿ" ಅಂದಾಗ ನಾನು ಕಣ್ಣು ಮುಚ್ಚಿ ನಂಬುತ್ತಿದ್ದೆ. ಹರಪನಹಳ್ಳಿ ದಾರಿಯ ಜನ ಮೊದಮೊದಲು ಬಾವಿಯ ಕೆಲಸ ಬಿಟ್ಟು ಓಡಿ ಬಂದು ನೋಡುತ್ತಿದ್ದರು. ಒಂದು ಸಲ ರೈಲ್ವೆ ಗೇಟಿನಲ್ಲಿ ಒಬ್ಬಾತ ಕಿಟಕಿಗೆ ಬಗ್ಗಿ, "ಯವ್ವಾ, ಗಂಡಸ್ರು ಯಾರೂ ಇಲ್ಲೇನು ಮನ್ಯಾಗ?" ಅಂದ. "ಅದಾರಪ್ಪ. ವಾಸನಿ ಹೊಡಿತಾರಂತ ಬಿಟ್ಟು ಬಂದೀವಿ" ಅಂದಳು ದೊಡ್ಡವ್ವ.

ಮುಂದಿನ ಬೇಸಿಗೆ ಯಾರೂ ಬಳ್ಳಿ ಕೀಳಲಿಲ್ಲ. ಶೇಂಗಾ ಹಾಕಿದ್ದ ಇಬ್ಬರಲ್ಲಿ ಒಬ್ಬರು ಮತ್ತೆ ಮಲ್ಲಿಗೆ ಹಚ್ಚಿದರು. ನನಗೂ ವರ ಬಂದ, ಹಡಗಲಿಯಲ್ಲೇ ಮಾಸ್ತರು. ಬೀಡಿ ಸೇದುವುದಿಲ್ಲ ಎಂದು ದೊಡ್ಡವ್ವ ಮೂಸಿ ಖಾತ್ರಿ ಮಾಡಿಕೊಂಡ ಮೇಲೆಯೇ ಅವ್ವ ಒಪ್ಪಿದ್ದು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ದೊಡ್ಡವ್ವನ ಎದೆಯಲ್ಲಿ ನೀರು ತುಂಬಿತು. ದಾವಣಗೆರೆಯ ಆಸ್ಪತ್ರೆಯಲ್ಲಿಟ್ಟೆವು. ಒಂದು ಬೆಳಿಗ್ಗೆ ಹೂವನ್ನು ಮಂಡಿಯಲ್ಲಿ ಇಳಿಸಿ ಬಂದು ಆಕೆಯ ಮಂಚದ ಪಕ್ಕ ಕುಳಿತೇ ಇದ್ದೆ. ಕಣ್ಣು ತೆರೆದವಳೇ ಗದರಿದಳು: "ಬಿಸಿಲು ಏರಾಕ ಹತ್ತೈತಿ. ನೀ ಇಲ್ಲಿ ಕುಂತು ನನ್ನ ಮಾರಿ ನೋಡಿದ್ರ ನಾ ಎದ್ದು ಕುಂದ್ರತೀನೇನು? ಊರಿಗೆ ಹೋಗು, ನಾಳಿನ ಹೂವು ತಗೊಂಡು ಬಾ." ನನಗೆ ಅಳು ಬಂತು, ಸಿಟ್ಟೂ ಬಂತು. ಎದ್ದು ಹೋದೆ. ಮರುದಿನ ಹೊತ್ತಿಗೆ ಸರಿಯಾಗಿ ಹೂವು ಮುಟ್ಟಿಸಿ ಆಸ್ಪತ್ರೆಗೆ ಹೋದರೆ ದೊಡ್ಡವ್ವ ಹೋಗಿಬಿಟ್ಟಿದ್ದಳು. ದೊಡ್ಡಪ್ಪ ಗೋಡೆಗೆ ಒರಗಿ ಕುಳಿತಿದ್ದರು.

ಸಂಜೆ ಊರಲ್ಲಿ ಮಣ್ಣು ಕೊಟ್ಟು ಬಂದೆವು. ಹೂವು ಕಟ್ಟುವ ಹೆಂಗಸರು ಅತ್ತು ಅತ್ತು ಸುಸ್ತಾಗಿ ಅಂಗಳದಲ್ಲಿ ಕುಳಿತಿದ್ದರು. ಕತ್ತಲಾಗುವ ಮುಂಚೆ ತೋಟದವರೊಬ್ಬರು ಬಂದು ದೊಡ್ಡಪ್ಪನ ಮುಂದೆ ತಲೆ ತಗ್ಗಿಸಿ ನಿಂತರು. "ನಾಳಿ ಮೊಗ್ಗು ಬಿಡಿಸೋದೋ, ಬಳ್ಳಿಯಾಗ ಬಿಡೋದೋ?"

ದೊಡ್ಡಪ್ಪ ನನ್ನ ಕಡೆ ನೋಡಿದರು. ಅವರು ನೋಡಿದ್ದು ಕಂಡು ಅಂಗಳದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಆ ಮನೆಯಲ್ಲಿ ಅಂಥ ಮಾತನ್ನು ಅಷ್ಟು ವರ್ಷವೂ ಒಬ್ಬಳೇ ಹೇಳಿದ್ದಳು.

"ಬಿಡಿಸ್ರಿ" ಅಂದೆ. "ಬಿಸಿಲಿಗೆ ಮೊದಲ ತಂದು ಕೊಡ್ರಿ. ನಾ ಒಯ್ತೀನಿ."