ನಾನು ಬಿಚ್ಚಿ ಜೋಡಿಸಿದ ಗಿಂಬಲ್

ಮನೆಯಲ್ಲಿ ಯಾವುದಾದರೂ ಯಂತ್ರ ಕೆಟ್ಟರೆ ನನಗೆ ಒಳಗೊಳಗೇ ಖುಷಿಯಾಗುತ್ತದೆ. ಮುಖ ಮಾತ್ರ ಅಯ್ಯೋ ಪಾಪ ಅನ್ನುವ ಹಾಗೆ ಇಟ್ಟುಕೊಂಡಿರುತ್ತೇನೆ. ಮಿಕ್ಸರ್ ಬಾಯಿ ಮುಚ್ಚಿದರೂ ಸರಿ, ಫ್ಯಾನು ಕಿರುಗುಟ್ಟಿದರೂ ಸರಿ, ಸ್ಕ್ರೂಡ್ರೈವರ್ ಹಿಡಿಯಲು ಕೈ ತುರಿಸುತ್ತದೆ. ಆದರೆ ನಮ್ಮವರ ಡ್ರೋನ್ ಕೆಟ್ಟಾಗ ಆ ಮುಖ ನಿಜದ್ದೇ ಆಗಿತ್ತು.

ಗಡಿಯಾಚೆ ಮರಾಠಿ ಸೀಮೆಯ ನಿಲಂಗಾದಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ. ಉಮರ್ಗಾದ ಮದುವೆಯೊಂದರಲ್ಲಿ ಡ್ರೋನು ಮಂಟಪದ ಪರದೆಗೆ ತಗುಲಿ ಕೆಳಗೆ ಬಿತ್ತು. ಹಾರುವುದೇನೋ ಹಾರುತ್ತಿತ್ತು, ಚಿತ್ರ ಮಾತ್ರ ಚಳಿಜ್ವರ ಬಂದವರಂತೆ ನಡುಗುತ್ತ ಒಂದು ಕಡೆ ವಾಲುತ್ತಿತ್ತು. ಕೆಟ್ಟದ್ದು ಗಿಂಬಲ್, ಅಂದರೆ ಕ್ಯಾಮೆರಾವನ್ನು ಅಲುಗದಂತೆ ಹಿಡಿದಿರುವ ಪುಟ್ಟ ತೋಳು. ಡ್ರೋನು ಎತ್ತ ಹೊಯ್ದಾಡಿದರೂ ಅದರ ಮೂರು ಮೋಟರುಗಳು ಎದುರು ದಿಕ್ಕಿಗೆ ತಿರುಗಿ ಚಿತ್ರವನ್ನು ನೆಟ್ಟಗೆ ಇಡುತ್ತವೆ. ಹಿಂದೆ ಹಡಗಿನ ದಿಕ್ಸೂಚಿಯನ್ನೂ ಹೀಗೇ ಬಳೆಯೊಳಗೆ ಬಳೆ ಕೂಡಿಸಿ ತೂಗುಹಾಕುತ್ತಿದ್ದರಂತೆ. ಅಷ್ಟು ದೂರ ಯಾಕೆ? ಕೋಳಿಯನ್ನು ಎತ್ತಿ ಅತ್ತಿತ್ತ ಆಡಿಸಿ ನೋಡಿ, ಮೈ ಎಲ್ಲಿ ಹೋದರೂ ತಲೆ ಇದ್ದಲ್ಲೇ ಇರುತ್ತದೆ. ನಾವು ಲಿಂಗ ಕಟ್ಟಿದ ಮನೆಯವರು. ಪಕ್ಕದ ಮನೆಯ ಕೋಳಿಯೊಂದಿಗೆ ನನ್ನ ಸಂಬಂಧ ಇಷ್ಟೇ.

ಬೇರೆ ವಾರವಾಗಿದ್ದರೆ ಕಾಯಬಹುದಿತ್ತು. ಆದರೆ ಆ ಆದಿತ್ಯವಾರ ನಮ್ಮ ಅತ್ತೆಯ ತವರಿನವರೆಲ್ಲ ಸಾಸ್ತೂರಿನ ಹತ್ತಿರ ತಮ್ಮ ಹಳೇ ಊರಿನ ಜಾಗದಲ್ಲಿ ಸೇರುವವರಿದ್ದರು. ತೊಂಬತ್ಮೂರರ ಭೂಕಂಪದಲ್ಲಿ ಬಿದ್ದ ಊರದು. ಜನ ಹೊಸ ಊರಿಗೆ ಹೋದ ಮೇಲೆ ಅಲ್ಲಿ ಉಳಿದದ್ದು ಅಡಿಪಾಯದ ಕಲ್ಲು ಮತ್ತು ಜಾಲಿ. ಈಗ ಅದನ್ನೂ ಸಮ ಮಾಡಿ ಸೋಲಾರ್ ಹಾಕುತ್ತಾರಂತೆ; ಜೆಸಿಬಿ ಆಗಲೇ ಬಂದು ನಿಂತಿತ್ತು.

“ನೆಲದ ಮ್ಯಾಲ ನಿಂತ್ರ ಬರೇ ಜಾಲಿ ಕಾಣ್ತದ,” ಎಂದಿದ್ದರು ಅತ್ತೆ. “ಮ್ಯಾಲಿಂದ ನೋಡಿದ್ರ ನಮ್ಮ ಓಣಿ ಸಿಗ್ತದೇನೋ.”

ಡ್ರೋನನ್ನು ಉದಗೀರಕ್ಕೆ ಒಯ್ದೆವು. ರಿಪೇರಿ ಅಂಗಡಿಯವರು ಪಾಪ, ತಿರುಗಿಸಿ ತಿರುಗಿಸಿ ನೋಡಿದರು. “ಪೂರಾ ಗಿಂಬಲ್ ಬದಲಾಯಿಸ್ಬೇಕಾಗ್ತದ್ರಿ. ಸಾಮಾನು ಪುಣೆದಿಂದ ಬರ್ಬೇಕು. ಆದಿತ್ಯವಾರಕ್ಕ ಆಗಂಗಿಲ್ರಿ.”

ಮನೆಗೆ ಬಂದವಳೇ ನಾನು ಡ್ರೋನನ್ನು ನನ್ನ ಹೊಲಿಗೆ ಮೇಜಿನ ಮೇಲಿಟ್ಟೆ.

“ಇದೇನ್ ಹೊಲಿಗಿ ಮಿಶಿನ್ ಅಂತ ತಿಳದೀಯೇನು?” ಎಂದರು ನಮ್ಮವರು.

“ಹ್ಯಾಂಗೂ ಕೆಟ್ಟದ. ನಾ ಇನ್ನೆಷ್ಟು ಕೆಡಿಸ್ಲಿ?”

ಬ್ಯಾಟರಿ ತೆಗೆದು ಗಿಂಬಲ್ಲನ್ನು ಬೆರಳಿನಿಂದ ಮೆಲ್ಲಗೆ ಮೂರೂ ಕಡೆ ತಿರುಗಿಸಿದೆ. ಎರಡು ಕಡೆ ಬೆಣ್ಣೆಯಂತೆ ತಿರುಗಿತು. ಮೂರನೆಯದು ಒಂದೇ ಜಾಗದಲ್ಲಿ ತಡೆಯುತ್ತಿತ್ತು. ಒಳಗಿನ ಚಪ್ಪಟೆ ತಂತಿ ಹರಿದಿದ್ದರೆ ಕಥೆ ಮುಗಿದಂತೆ. ಬೆಳಕಿಗೆ ಹಿಡಿದೆ. ಹರಿದಿರಲಿಲ್ಲ. ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ, ಮೋಟರಿನ ಕುತ್ತಿಗೆಗೆ ಬಂಗಾರದ ಬಣ್ಣದ್ದೇನೋ ಸುತ್ತಿಕೊಂಡಿದೆ! ಮದುವೆಯ ಪರದೆಯ ಜರಿ ಎಳೆ. ಸೂಜಿಯಿಂದ ಎಬ್ಬಿಸಿ, ಚಿಮಟದಿಂದ ಹಿಡಿದು, ಉಸಿರು ಬಿಗಿಹಿಡಿದು ಬಿಚ್ಚಿದೆ.

ಬ್ಯಾಟರಿ ಹಾಕಿ ನೋಡಿದರೆ ನಡುಕ ಹೋಗಿತ್ತು, ವಾಲುವುದು ಹೋಗಿರಲಿಲ್ಲ. ಮತ್ತೆ ನೋಡಿದೆ. ಕ್ಯಾಮೆರಾವನ್ನು ತೂಗುಹಾಕಿದ ಸಣ್ಣ ರಬ್ಬರ್ ಗುಂಡುಗಳಲ್ಲಿ ಒಂದು ತೂತಿನಿಂದ ಜಾರಿತ್ತು. ಅಂಗಿಗೆ ಗುಂಡಿ ಹಾಕುವ ಹಾಗೆ ಅದನ್ನು ಒಳಗೆ ತೂರಿಸಿದೆ. ಇನ್ನು ಗಿಂಬಲ್ಲಿಗೆ ನೆಟ್ಟಗೆ ಅಂದರೇನು ಎಂದು ಹೊಸದಾಗಿ ಕಲಿಸಬೇಕು. ಅದಕ್ಕೆ ಸಮತಟ್ಟಾದ ಜಾಗ ಬೇಕು. ಹುಡುಕಿದಾಗ ತಿಳಿಯಿತು, ನಮ್ಮ ಮನೆಯ ನೆಲವೆಲ್ಲ ಒಂದಲ್ಲ ಒಂದು ಕಡೆ ಇಳಿಜಾರು. ಸಮವಾಗಿದ್ದದ್ದು ಅಡುಗೆಮನೆಯ ಕಡಪಾ ಕಲ್ಲು ಮಾತ್ರ. ಅಲ್ಲಿ ಅತ್ತೆ ರೊಟ್ಟಿ ತಟ್ಟುತ್ತಿದ್ದರು.

“ರೊಟ್ಟಿ ಆಮ್ಯಾಲ ಆಗ್ತಾವ. ಮೊದಲ ನಿಂದು ಮಾಡ್ಕೋ,” ಎಂದು ಒಲೆ ಆರಿಸಿ, ಹಿಟ್ಟು ಒರೆಸಿ ಜಾಗ ಬಿಟ್ಟರು. ಡ್ರೋನನ್ನು ಕಲ್ಲಿನ ಮೇಲಿಟ್ಟು ಚಾಲೂ ಮಾಡಿದೆ. ಗಿಂಬಲ್ಲು ತಲೆಯೆತ್ತಿ, ಎಡಕ್ಕೆ ನೋಡಿ, ಬಲಕ್ಕೆ ನೋಡಿ ನೆಟ್ಟಗೆ ನಿಂತಿತು.

ಆದಿತ್ಯವಾರ ಬೆಳಿಗ್ಗೆ ಹಳೇ ಊರಿನಲ್ಲಿ ಗಾಳಿ ಜೋರಾಗಿತ್ತು. ಡ್ರೋನು ಮೇಲೇರಿತು. ಅತ್ತೆಯ ಅಣ್ಣ, ತಂಗಿಯರು ಎಲ್ಲರೂ ಮೊಬೈಲ್ ಪರದೆಯ ಸುತ್ತ ಮುತ್ತಿಕೊಂಡರು. ಜಾಲಿಯ ನಡುವೆ ಕಲ್ಲುಗಳು ಸಾಲುಗೂಡಿದವು, ಸಾಲುಗಳು ಓಣಿಗಳಾದವು. ಚಿತ್ರ ಒಂದಿಷ್ಟೂ ಅಲುಗಲಿಲ್ಲ. ಅತ್ತೆ ಬೆರಳಿಟ್ಟು ಒಂದೊಂದೇ ಓಣಿ ಹಿಡಿದು ಹೋದರು.

“ಇದು ಬಾಂವಿ. ಅದರ ಬಗಲಿಗಿ ನಮ್ಮ ಮನಿ. ಹೌದಲ್ಲಣ್ಣಾ?”

“ಹೌದವಾ, ಅದೇ.” ಅವರ ಅಣ್ಣ ಟೋಪಿ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ನಮ್ಮವರ ಬೆನ್ನು ತಟ್ಟಿ, “ಶಾಬಾಶ್,” ಎಂದರು.

“ನಂದಲ್ರಿ ಮಾಮಾ, ಆಕಿದು,” ಎಂದು ನಮ್ಮವರು ನನ್ನತ್ತ ತೋರಿಸಿದರು. ಅಷ್ಟರಲ್ಲಿ ಅತ್ತೆ ಅತ್ತ ನಿಂತ ಹೆಂಗಸರಿಗೆಲ್ಲ ಮರಾಠಿಯಲ್ಲಿ ಕೂಗಿ ಹೇಳಿದ್ದಾಗಿತ್ತು: “ಆಮಚ್ಯಾ ಸುನೇನಂ ನೀಟ್ ಕೇಲಂ!” ನಮ್ಮ ಸೊಸೆ ಸರಿ ಮಾಡಿದ್ದು, ಅಂತ.

“ಭಾಳ ತ್ರಾಸಾಯ್ತೇನವಾ?” ಎಂದು ಮಾಮಾ ಕೇಳಿದರು.

ಇಂಥ ಹೊತ್ತಿನಲ್ಲಿ ಸೊಸೆಯಾದವಳು ಸೆರಗು ಸರಿಮಾಡಿಕೊಂಡು “ಏನಿಲ್ರಿ, ಸಣ್ಣ ಕೆಲಸ,” ಅನ್ನಬೇಕು. ಆ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು. ನುಂಗಿಕೊಂಡೆ.

“ಹೌದ್ರಿ ಮಾಮಾ, ಭಾಳ ತ್ರಾಸಾಯ್ತು. ಕೂಡ್ರಿ, ಹೇಳ್ತೀನಿ,” ಎಂದು ಕಲ್ಲಿನ ಮೇಲೆ ಕುಳಿತು, ಮೊದಲಿನಿಂದ ಶುರು ಮಾಡಿದೆ.