ಪಾಕ ಬಂತು ಕಣಕ್ಕ

ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು, ಸುಳ್ಳೇಕೆ ಹೇಳಲಿ? ಮಂಡ್ಯದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಉಪ್ಪನ್ನು ಕುಲುಮೆಯಲ್ಲಿ ಕರಗಿಸಿ, ಅದರಲ್ಲಿ ಕರೆಂಟು ಹರಿಸಿ, ಉಕ್ಕಿನ ಕಡ್ಡಿಗೆ ಟ್ಯಾಂಟಲಮ್ ಲೋಹ ಲೇಪಿಸುವ ಕೆಲಸವನ್ನು ನಾಲ್ಕು ವರ್ಷ ಒಬ್ಬಳೇ ಮಾಡಿದ್ದೆ. ಆಮೇಲೆ ಮಳವಳ್ಳಿ ಕಡೆಯ ಈ ಹುಡುಗಿ ಬಂದಳು. ಅವಳ ಅಪ್ಪ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವವರು. ನಾನು ಮೀಟರು ನೋಡುತ್ತಿದ್ದರೆ ಅವಳು ಕರಗಿದ ಉಪ್ಪನ್ನೇ ಇಣುಕಿ ನೋಡಿ, "ಪಾಕ ಬಂತು ಕಣಕ್ಕ" ಅನ್ನುತ್ತಿದ್ದಳು. ಅವಳು ಹೇಳಿದ ಗಳಿಗೆಯಲ್ಲಿ ಇಳಿಬಿಟ್ಟ ಕಡ್ಡಿ ನುಣ್ಣಗೆ ಹೊಳೆಯುತ್ತಿತ್ತು. ನನ್ನ ಲೇಪ ಹೊಟ್ಟು ಹೊಟ್ಟಾಗಿ ಉದುರುತ್ತಿತ್ತು. ಕೊನೆಗೆ ನಮ್ಮ ಮೇಷ್ಟ್ರೂ ನನ್ನ ಮೀಟರು ಬಿಟ್ಟು, "ಪಾಕ ಬಂತೇನಮ್ಮ?" ಎಂದು ಅವಳನ್ನೇ ಕೇಳತೊಡಗಿದರು. ಪಾಕವಂತೆ! ಇದೇನು ಬೆಲ್ಲದ ಕೊಪ್ಪರಿಗೆಯೇ?

ಒಂದು ಸಂಜೆ, ಒಣಗಿಸಿಟ್ಟ ಉಪ್ಪಿನ ಡಬ್ಬಿಗೆ ಮುಚ್ಚಳ ಹಾಕುವುದನ್ನು ಮರೆತು ಅವಳು ಬಸ್ಸಿಗೆ ಓಡಿದಳು. ತೇವ ಹಿಡಿದ ಉಪ್ಪಿನಲ್ಲಿ ಲೇಪ ಕೂರುವುದಿಲ್ಲ. ಕಂಡೂ ನಾನು ಮುಚ್ಚಲಿಲ್ಲ.

ಬೆಳಿಗ್ಗೆ ಉಪ್ಪು ಕಾಯುವಾಗ ಚಟಪಟ ಅಂದಿತು. ಅವಳು ಕಿವಿಗೊಟ್ಟು ಕೇಳಿ ತಟ್ಟನೆ ಕುಲುಮೆ ಆರಿಸಿದಳು. "ಉಪ್ಪು ನೀರು ಕುಡ್ದದೆ ಸಾ. ಮುಚ್ಚಳ ಮರ್ತೋಳು ನಾನೇ" ಎಂದು ಮೇಷ್ಟ್ರ ಮುಂದೆ ತಾನೇ ಒಪ್ಪಿಕೊಂಡಳು. ಅವಳು ಬೈಸಿಕೊಳ್ಳುವುದನ್ನು ನೋಡುವ ಸುಖವೂ ನನಗೆ ದಕ್ಕಲಿಲ್ಲ. ಮೇಷ್ಟ್ರು ನನ್ನ ಕಡೆ ತಿರುಗಿ, "ನೀನಾದ್ರೂ ನೋಡಬಾರದಿತ್ತೇನಮ್ಮ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: "ಅಕ್ಕ ನೋಡಿಲ್ಲ ಬುಡಿ ಸಾ. ನೋಡಿದ್ರೆ ಮುಚ್ಚದೆ ಇರ್ತಿದ್ರಾ?"